ಕಪ್ಪು ನಮ್ಮದೇ ಸರಿ, ನಮ್ಮ ಗೂಳಿ ಎಲ್ಲಿ ಹೋಯಿತು?

ಮಾರ್ಚ್ ತಿಂಗಳು ಮುಗಿಯಲಿಕ್ಕೆ ಬಂತೆಂದರೆ ನಮ್ಮ ಜಿಲ್ಲೆಯ ಬಸ್ ನಿಲ್ದಾಣಗಳಲ್ಲಿ ಮಾತಿನ ಧಾಟಿಯೇ ಬದಲಾಗುತ್ತದೆ. ಇಂಡಿಯ ಲಿಂಬೆ ದರ, ಸಿಂದಗಿಯ ತೊಗರಿ ದರ, ಮುದ್ದೇಬಿಹಾಳದ ಕಾಲುವೆ ನೀರು, ಬಸವನ ಬಾಗೇವಾಡಿಯ ಬಸವ ಜಯಂತಿಯ ತಯಾರಿ, ಇವೆಲ್ಲ ಸ್ವಲ್ಪ ಬದಿಗೆ ಸರಿಯುತ್ತವೆ. ಕಿರಾಣಿ ಅಂಗಡಿಯ ಕಟ್ಟೆ ಇರಲಿ, ಚಹಾದ ಅಂಗಡಿಯ ಬೆಂಚು ಇರಲಿ, ಕ್ಷೌರದ ಕುರ್ಚಿ ಇರಲಿ, ಎಲ್ಲ ಕಡೆ ಒಂದೇ ಪ್ರಶ್ನೆ: "ಈ ಸಲ ಏನಾಗತೈತ್ರಿ?"

ಏನಾಗುತ್ತದೆ ಎಂದರೆ ಮಳೆಯೂ ಅಲ್ಲ, ಎಲೆಕ್ಷನ್ನೂ ಅಲ್ಲ. ಆರ್‌ಸಿಬಿ ಕಪ್ ಗೆಲ್ಲುತ್ತದೋ ಇಲ್ಲವೋ ಎಂಬುದಷ್ಟೇ.

ಈ ವಾದದಲ್ಲಿ ಎರಡು ಪಕ್ಷ. ಕಾಲೇಜು ಹುಡುಗರದ್ದು ಒಂದು. "ಕಾಕಾ, ಈ ಸಲ ಕಪ್ ನಮ್ದ ನೋಡ್ರಿ" ಎನ್ನುವವರು. ಗಲ್ಲೆಯ ಮೇಲೆ ಕುಂತ ಹಿರಿಯರದ್ದು ಇನ್ನೊಂದು. "ಹೋಗೋ ತಮ್ಮಾ, ನೀ ಹುಟ್ಟೂಕಿಂತ ಮೊದಲಿಂದ ಇದನ್ನ ಕೇಳಾಕತ್ತೀನಿ" ಎನ್ನುವವರು. ಏಳೂವರೆಗೆ ಆಟ ಶುರುವಾದರೆ ಕೊನೆಯ ಬಸ್ಸಿನ ಕಂಡಕ್ಟರನೂ ಚೀಟಿ ಹರಿಯುತ್ತ, ಮೊಬೈಲು ಹಿಡಿದ ಹುಡುಗನ ಹೆಗಲ ಮೇಲಿಂದ ಇಣುಕಿ, "ಎಷ್ಟ್ ಆಗ್ಯಾವೋ?" ಎಂದು ಕೇಳದೆ ಮುಂದಿನ ಸೀಟಿಗೆ ಹೋಗುವುದಿಲ್ಲ.

ಮಾತು ಬಹಳ, ಲೆಕ್ಕ ಕಡಿಮೆ. ಆದಕಾರಣ ಈ ಸಂಚಿಕೆಯಲ್ಲಿ ಲೆಕ್ಕವನ್ನೇ ಮೊದಲು ಬಿಚ್ಚಿಡೋಣ. ಲೆಕ್ಕ ಮುಗಿದ ಮೇಲೆ ಜಿಲ್ಲೆಗೆ ಸೇರಿದ ಬೇರೊಂದು ಪ್ರಶ್ನೆ ಕೇಳುವುದಿದೆ.

ಎರಡನೆಯ ಸ್ಥಾನದ ಮಹಿಮೆ

ಐಪಿಎಲ್‌ನಲ್ಲಿ 2022ರಿಂದ ಹತ್ತು ತಂಡ. ಅಲ್ಲಿಂದ 2025ರವರೆಗೆ ಒಂದೊಂದು ತಂಡಕ್ಕೆ ಹದಿನಾಲ್ಕು ಲೀಗ್ ಪಂದ್ಯ, ಗೆದ್ದರೆ ಎರಡು ಅಂಕ, ಮೊದಲ ನಾಲ್ಕು ತಂಡಗಳು ಮುಂದಕ್ಕೆ. ಇದು ಎಲ್ಲರಿಗೂ ಗೊತ್ತು. ಆದರೆ ನಾಲ್ಕರೊಳಗೆ ಬಂದರೆ ಸಾಕು ಎಂಬ ಮಾತು ಮಾತ್ರ ಪೊಳ್ಳು.

ಈ ಪ್ಲೇ-ಆಫ್ ಪದ್ಧತಿ ಬಂದದ್ದು 2011ರಲ್ಲಿ. ಪಟ್ಟಿಯ ಮೊದಲ ಇಬ್ಬರು ತಮ್ಮೊಳಗೆ ಆಡುತ್ತಾರೆ. ಗೆದ್ದವರು ನೇರ ಫೈನಲ್‌ಗೆ. ಸೋತವರಿಗೆ ಇನ್ನೊಂದು ಅವಕಾಶ. ಮೂರನೆಯವರು, ನಾಲ್ಕನೆಯವರು ಮಾತ್ರ ಒಂದೂ ಸೋಲದೆ ಮೂರು ಪಂದ್ಯ ಸಾಲಾಗಿ ಗೆಲ್ಲಬೇಕು. 2011ರಿಂದ 2025ರವರೆಗೆ ಹದಿನೈದು ವರ್ಷದ ಪಟ್ಟಿ ತೆಗೆದು ನೋಡಿ. ಕಪ್ ಗೆದ್ದವರಲ್ಲಿ ಐದು ಸಲ ಪಟ್ಟಿಯ ಮೊದಲಿಗರು, ಒಂಬತ್ತು ಸಲ ಎರಡನೆಯವರು. ಮೂರನೇ ಸ್ಥಾನದಿಂದ ಎದ್ದು ಬಂದು ಗೆದ್ದದ್ದು ಒಂದೇ ಸಲ. 2016ರಲ್ಲಿ ಹೈದರಾಬಾದಿನವರು. ಅವರ ಕೈಯಲ್ಲಿ ಫೈನಲ್ ಸೋತವರು ಯಾರು? ನಮ್ಮ ಬೆಂಗಳೂರಿನವರೇ! ನಾಲ್ಕನೇ ಸ್ಥಾನದಿಂದ ಈ ಅವಧಿಯಲ್ಲಿ ಯಾರೂ ಗೆದ್ದಿಲ್ಲ.

ಆದ್ದರಿಂದ "ಹೆಂಗರ ಮಾಡಿ ನಾಲ್ಕರಾಗ ಬರ್ಲಿ" ಎಂದು ಹರಕೆ ಹೊರುವವರು ಹರಕೆಯ ಮಾತು ತುಸು ತಿದ್ದಿಕೊಳ್ಳಬೇಕು. "ಎರಡರಾಗ ಬರ್ಲಿ" ಎನ್ನಬೇಕು.

2025ರ ಕಥೆಯೇ ಇದಕ್ಕೆ ಸಾಕ್ಷಿ. ಆ ವರ್ಷ ಕಪ್ ಬಂದದ್ದು ಜೂನ್ 3ರ ರಾತ್ರಿ ಅಹಮದಾಬಾದಿನಲ್ಲಿ ಎಂದು ಎಲ್ಲರೂ ಹೇಳುತ್ತಾರೆ. ಲೆಕ್ಕ ಬಲ್ಲವರು ಮೇ 27ರ ಲಕ್ನೋ ಪಂದ್ಯವನ್ನು ತೋರಿಸುತ್ತಾರೆ. ಅದು ಕೊನೆಯ ಲೀಗ್ ಪಂದ್ಯ. ಎದುರಾಳಿ 227 ರನ್ ಹೊಡೆದು ಕೂತಿದ್ದರು. ಸೋತಿದ್ದರೆ ಗುಜರಾತಿನವರು ಮೇಲೆ ಉಳಿದು ನಮ್ಮವರು ಮೂರಕ್ಕೆ ಬೀಳುತ್ತಿದ್ದರು. ಜಿತೇಶ್ ಶರ್ಮಾ 33 ಚೆಂಡುಗಳಲ್ಲಿ 85 ಬಾರಿಸಿ ಔಟಾಗದೆ ಉಳಿದ. ಎರಡನೆಯ ಸ್ಥಾನ ಕೈಗೆ ಬಂತು. ಅದೇ ವರ್ಷ ಲೀಗ್ ಹಂತದಲ್ಲಿ ಪರಸ್ಥಳದ ಏಳೂ ಪಂದ್ಯ ಗೆದ್ದದ್ದೂ ಇದೇ ತಂಡ. ಮನೆಯಲ್ಲಿ ಮುಗ್ಗರಿಸಿದವರು ಊರಾಚೆ ಗೆದ್ದರು.

ರನ್ ರೇಟ್ ಅಂದರೆ ಏನ್ರಿ?

ಅಂಗಡಿಕಾರರಿಗೆ ಇದನ್ನು ತಿಳಿಸುವುದು ಬಲು ಸುಲಭ. ಕಿಲೋಕ್ಕೆ ಎಷ್ಟಕ್ಕೆ ಮಾರಿದಿರಿ, ಕಿಲೋಕ್ಕೆ ಎಷ್ಟಕ್ಕೆ ಖರೀದಿ ಮಾಡಿದಿರಿ, ನಡುವಿನ ಅಂತರ ಎಷ್ಟು? ಅಷ್ಟೇ. ಒಂದು ಓವರಿಗೆ ನೀವು ಹೊಡೆದ ರನ್ನಿನ ಸರಾಸರಿಯಿಂದ ಒಂದು ಓವರಿಗೆ ನೀವು ಕೊಟ್ಟ ರನ್ನಿನ ಸರಾಸರಿ ಕಳೆಯಬೇಕು. ಉಳಿದದ್ದೇ ನೆಟ್ ರನ್ ರೇಟ್. ಒಂದು ದಿನದ್ದಲ್ಲ, ಇಡೀ ಲೀಗಿನದು.

ಒಂದು ಕಿತಾಪತಿ ಇದೆ. ತಂಡ ಹನ್ನೆರಡನೇ ಓವರಿಗೇ ಎಲ್ಲ ವಿಕೆಟ್ ಕಳಕೊಂಡರೂ ಇಪ್ಪತ್ತು ಓವರ್ ಆಡಿದ ಹಾಗೆಯೇ ಲೆಕ್ಕ ಹಿಡಿಯುತ್ತಾರೆ. ಇಪ್ಪತ್ತು ಚೀಲಕ್ಕೆಂದು ಟೆಂಪೋ ಗೊತ್ತು ಮಾಡಿ ಹನ್ನೆರಡೇ ಚೀಲ ಹೇರಿದರೆ ಬಾಡಿಗೆ ಕಡಿಮೆ ಆಗುತ್ತದೆಯೇ? ಹಾಗೆಯೇ ಇದು.

ಈ ರನ್ ರೇಟಿನ ರುಚಿಯನ್ನು ಜನ ಮರೆಯದ ಹಾಗೆ ಉಂಡದ್ದು 2024ರ ಮೇ 18ರಂದು. ಆ ವರ್ಷ ಮೊದಲ ಎಂಟು ಪಂದ್ಯದಲ್ಲಿ ಏಳು ಸೋತಿದ್ದ ಬೆಂಗಳೂರು, ಆಮೇಲೆ ಐದು ಸಾಲಾಗಿ ಗೆದ್ದು ಚೆನ್ನೈ ಎದುರಿಗೆ ಬಂದು ನಿಂತಿತ್ತು. ಬೆಂಗಳೂರು ಹೊಡೆದದ್ದು 218. ಬರೀ ಗೆದ್ದರೆ ಸಾಲದು, ಚೆನ್ನೈಯನ್ನು 200ಕ್ಕೆ ಮೀರಗೊಡಬಾರದು. ಅಂದರೆ ಚೆನ್ನೈ ಸೋತರೂ 201 ಮಾಡಿದರೆ ಮುಂದಕ್ಕೆ ಹೋಗುವುದು ಅವರೇ! ಕೊನೆಯ ಓವರಿನಲ್ಲಿ ಅವರಿಗೆ ಬೇಕಾದದ್ದು 17 ರನ್. ಮೊದಲ ಚೆಂಡಿಗೇ ಧೋನಿ ಸಿಕ್ಸರ್. ಎರಡನೇ ಚೆಂಡಿಗೆ ಧೋನಿ ಔಟ್. ಯಶ್ ದಯಾಳ್ ಆ ಓವರಿನಲ್ಲಿ ಒಟ್ಟು ಕೊಟ್ಟದ್ದು ಏಳೇ ರನ್. ಚೆನ್ನೈ 191ಕ್ಕೆ ನಿಂತಿತು. ಇಬ್ಬರಿಗೂ 14 ಅಂಕ, ತಕ್ಕಡಿ ಮಾತ್ರ ಬೆಂಗಳೂರಿನ ಕಡೆ ವಾಲಿತು.

ನಾಲ್ಕನೇ ಸ್ಥಾನ ಸಿಕ್ಕಿತು, ಪಟಾಕಿ ಹಾರಿದವು. ನಾಲ್ಕೇ ದಿನಕ್ಕೆ, ಮೇ 22ರಂದು, ರಾಜಸ್ಥಾನದ ಕೈಯಲ್ಲಿ ಸೋತು ಮನೆಗೆ ಬಂದರು. ನಾಲ್ಕನೇ ಸ್ಥಾನದ ಹಣೆಬರಹ ಮೇಲೆ ಹೇಳಿದ್ದೇವಲ್ಲ!

ಆರು ರನ್ನಿನ ಸಾಲ

ಹಿರಿಯರು ನಂಬದೆ ಇರುವುದಕ್ಕೂ ಕಾರಣ ಇಲ್ಲದಿಲ್ಲ. ಮೂರು ಸಲ ಫೈನಲ್‌ಗೆ ಹೋಗಿ ಬರಿಗೈಯಲ್ಲಿ ಬಂದ ತಂಡ ಇದು. 2009ರ ಮೇ 24ರಂದು ಜೊಹಾನ್ಸ್‌ಬರ್ಗ್‌ನಲ್ಲಿ ನಮ್ಮ ಅನಿಲ್ ಕುಂಬ್ಳೆ ನಾಯಕನಾಗಿ 16 ರನ್ನಿಗೆ ನಾಲ್ಕು ವಿಕೆಟ್ ಕಿತ್ತರೂ ಡೆಕ್ಕನ್ ಚಾರ್ಜರ್ಸ್ ಎದುರು ಆರು ರನ್ನಿನ ಸೋಲು. 2011ರಲ್ಲಿ ಪಟ್ಟಿಯ ತಲೆಯ ಮೇಲಿದ್ದೂ ಚೆನ್ನೈನಲ್ಲಿ 58 ರನ್ನಿನ ಸೋಲು. 2016ರಲ್ಲಿ ನಮ್ಮದೇ ಚಿನ್ನಸ್ವಾಮಿ ಕ್ರೀಡಾಂಗಣದಲ್ಲಿ, ಗೇಲ್ ಮತ್ತು ಕೊಹ್ಲಿ ಮೊದಲ ವಿಕೆಟ್ಟಿಗೆ 114 ಸೇರಿಸಿದ ಮೇಲೂ ಎಂಟು ರನ್ನಿನ ಸೋಲು. ಆ ವರ್ಷ ಕೊಹ್ಲಿ ಒಬ್ಬನೇ 973 ರನ್ ಹೊಡೆದಿದ್ದ. ಒಂದೇ ಎತ್ತು ಎಷ್ಟು ಎಳೆದೀತು?

ಕಡೆಗೆ 2025ರಲ್ಲಿ ರಜತ್ ಪಾಟಿದಾರನ ನಾಯಕತ್ವದಲ್ಲಿ, ಹದಿನೆಂಟನೇ ವರ್ಷಕ್ಕೆ, ಹದಿನೆಂಟು ನಂಬರಿನ ಅಂಗಿಯ ಕೊಹ್ಲಿಯ ಕಣ್ಣಲ್ಲಿ ನೀರು ತರಿಸಿ ಕಪ್ ಬಂತು. ಬೆಂಗಳೂರು 190, ಪಂಜಾಬ್ 184. ಕೃಣಾಲ್ ಪಾಂಡ್ಯ ನಾಲ್ಕು ಓವರಿನಲ್ಲಿ 17 ರನ್ ಕೊಟ್ಟು ಎರಡು ವಿಕೆಟ್ ತೆಗೆದದ್ದೇ ಕಟ್ಟುಹಗ್ಗವಾಯಿತು. ಗೆಲುವಿನ ಅಂತರ ಎಷ್ಟು? ಆರು ರನ್. 2009ರಲ್ಲಿ ಕಳಕೊಂಡ ಆರು ರನ್ನಿನ ಸಾಲ ಹದಿನಾರು ವರ್ಷಕ್ಕೆ ತೀರಿತು. ಬಡ್ಡಿ ಎಷ್ಟಾಯಿತೋ ಸಾವಕಾರರೇ ಹೇಳಬೇಕು.

ಇದಕ್ಕಿಂತ ಮೊದಲೇ ಹೆಣ್ಣುಮಕ್ಕಳು ಕಪ್ ತಂದಿದ್ದರು ಎಂಬುದನ್ನು ಚಹಾದ ಅಂಗಡಿಯ ಪಂಡಿತರು ಸಾಮಾನ್ಯವಾಗಿ ಮರೆಯುತ್ತಾರೆ. 2024ರ ಮಾರ್ಚ್ 17ರಂದು ದೆಹಲಿಯಲ್ಲಿ, ದೆಹಲಿ ತಂಡವನ್ನೇ 113ಕ್ಕೆ ಕಟ್ಟಿಹಾಕಿ ಸ್ಮೃತಿ ಮಂಧಾನಾ ತಂಡ ಎಂಟು ವಿಕೆಟ್ಟಿನಿಂದ ಗೆದ್ದಿತು. ಆ ದಿನ 12 ರನ್ನಿಗೆ ನಾಲ್ಕು ವಿಕೆಟ್ ತೆಗೆದವಳು ಶ್ರೇಯಾಂಕಾ ಪಾಟೀಲ. ಕಲಬುರಗಿ ಕಡೆಯ ಹುಡುಗಿ. ಸಿಂದಗಿಯವರಿಗೆ ಮಗ್ಗುಲ ಜಿಲ್ಲೆ. ಗಂಡಸರ ತಂಡ ಹದಿನೆಂಟು ವರ್ಷ ತಗೊಂಡದ್ದನ್ನು ಹೆಣ್ಣುಮಕ್ಕಳು ಎರಡನೇ ವರ್ಷಕ್ಕೇ ಮಾಡಿ ಮುಗಿಸಿದರು.

ಇನ್ನು "ಒಮ್ಮೆ ಗೆದ್ದವರು ಮತ್ತೊಮ್ಮೆ ಗೆಲ್ತಾರೇನು?" ಎಂಬ ಪ್ರಶ್ನೆ. 2025ರವರೆಗಿನ ದಾಖಲೆಯಲ್ಲಿ ಸಾಲಾಗಿ ಎರಡು ವರ್ಷ ಗೆದ್ದವರು ಇಬ್ಬರೇ: 2010 ಮತ್ತು 2011ರಲ್ಲಿ ಚೆನ್ನೈ, 2019 ಮತ್ತು 2020ರಲ್ಲಿ ಮುಂಬೈ. ಪಂದ್ಯ ಕಟ್ಟುವವರು ಈ ಅಂಕಿ ನೋಡಿ ಕೈ ಹಿಂದಕ್ಕೆ ತಗೊಳ್ಳುವುದು ಒಳ್ಳೆಯದು.

ಫುಟ್‌ಬಾಲಿನ ನ್ಯಾಯ, ಕಬಡ್ಡಿಯ ನ್ಯಾಯ

"ಫೈನಲ್ ಅನ್ನೋದೇ ಸುಳ್ಳು, ಪಟ್ಟಿಯಾಗ ಮ್ಯಾಲಿದ್ದವರಿಗೆ ಕಪ್ ಕೊಡಬೇಕು" ಎಂದು ಕೆಲವರು ವಾದಿಸುತ್ತಾರೆ. ಫುಟ್‌ಬಾಲಿನ ಲೋಕದಲ್ಲಿ ಬಹಳ ಕಡೆ ನ್ಯಾಯ ಅದೇ. ಇಂಗ್ಲೆಂಡಿನ ಲೀಗಿನಲ್ಲಿ 38 ಪಂದ್ಯ ಆಡಿ ಪಟ್ಟಿಯ ಮೇಲೆ ಕೂತವನೇ ಒಡೆಯ, ಫೈನಲ್ ಎಂಬುದೇ ಇಲ್ಲ. ನಮ್ಮ ಬೆಂಗಳೂರು ಎಫ್‌ಸಿ 2013ರಲ್ಲಿ ಹುಟ್ಟಿ ಮೊದಲ ಪ್ರಯತ್ನದಲ್ಲೇ 2013-14ರ ಐ-ಲೀಗ್ ಗೆದ್ದದ್ದು, ಮತ್ತೆ 2015-16ರಲ್ಲಿ ಗೆದ್ದದ್ದು ಇದೇ ನ್ಯಾಯದಿಂದ.

ಐಎಸ್ಎಲ್‌ಗೆ ಬಂದ ಮೊದಲ ವರ್ಷ, 2017-18ರಲ್ಲಿ, ಅದೇ ತಂಡ 18 ಪಂದ್ಯದಲ್ಲಿ 40 ಅಂಕ ಗಳಿಸಿ ಎಲ್ಲರಿಗಿಂತ ಎಂಟು ಅಂಕ ಮುಂದಿತ್ತು. ಆದರೇನು? 2018ರ ಮಾರ್ಚ್ 17ರಂದು ಕಂಠೀರವದಲ್ಲಿ ಚೆನ್ನೈಯಿನ್ ಎದುರು 2-3ರಿಂದ ಸೋತು ಕೈ ಮುಗಿದು ಬಂದಿತು. ಪಟ್ಟಿಯ ತುದಿಯಲ್ಲಿದ್ದವರಿಗೆ ಶೀಲ್ಡ್ ಕೊಡುವ ಪದ್ಧತಿ ಬಂದದ್ದು 2019-20ರಿಂದ. ವರ್ಷ ತಿರುಗಿ ಅದೇ ಮಾರ್ಚ್ 17ಕ್ಕೆ, 2019ರಲ್ಲಿ, ಗೋವಾ ಎದುರು ಹೆಚ್ಚುವರಿ ಸಮಯದಲ್ಲಿ ರಾಹುಲ್ ಭೇಕೆ ಹೊಡೆದ ಒಂದೇ ಗೋಲಿನಿಂದ ಕಪ್ ಬಂತು. 2025ರ ಏಪ್ರಿಲ್ 12ರಂದು ಕೋಲ್ಕತ್ತೆಯಲ್ಲಿ ಮೋಹನ್ ಬಗಾನ್ ಎದುರು ಮತ್ತೆ ಫೈನಲ್ ಸೋಲು. ಆಟ ಯಾವುದಾದರೂ ಆಗಲಿ, ಬೆಂಗಳೂರಿನ ಅಭಿಮಾನಿಯ ಹಣೆಬರಹ ಒಂದೇ ಲೇಖಣಿಯಲ್ಲಿ ಬರೆದಂತಿದೆ.

ನಮ್ಮ ಹಳ್ಳಿಗಳ ಮಣ್ಣಿನ ಆಟ ಕಬಡ್ಡಿಯಲ್ಲೂ ಬೆಂಗಳೂರು ಬುಲ್ಸ್ ಆರನೇ ಆವೃತ್ತಿಯವರೆಗೆ ಕಾಯಿಸಿತು. 2019ರ ಜನವರಿ 5ರಂದು ಗುಜರಾತ್ ಎದುರು 38-33. ಪವನ್ ಸೆಹ್ರಾವತ್ ಒಬ್ಬನೇ 22 ಅಂಕ ತಂದ. ಅದನ್ನು ಟಿವಿಯಲ್ಲಿ ನೋಡಿದ ನಮ್ಮ ಕಡೆಯ ಹುಡುಗರು ಮರುದಿನ ಅಂಗಳದಲ್ಲಿ ಗೆರೆ ಎಳೆದದ್ದು ಸುಳ್ಳಲ್ಲ.

ಎರಡು ಕಪ್ ಗೆದ್ದ ನಮ್ಮದೇ ತಂಡ

ಈಗ ಆ ಇನ್ನೊಂದು ಪ್ರಶ್ನೆ. ಬೆಂಗಳೂರಿನ ತಂಡಕ್ಕೆ ಇಷ್ಟು ಬಾಯಿ ಮಾಡುತ್ತೇವಲ್ಲ, ನಮ್ಮ ಜಿಲ್ಲೆಯ ಹೆಸರಿನ ತಂಡವೊಂದು ಎರಡು ಸಲ ಕಪ್ ಗೆದ್ದಿತ್ತು ಎಂಬುದು ಎಷ್ಟು ಜನಕ್ಕೆ ನೆನಪಿದೆ?

ಬಿಜಾಪುರ ಬುಲ್ಸ್! ಕರ್ನಾಟಕ ಪ್ರೀಮಿಯರ್ ಲೀಗಿನಲ್ಲಿ 2015ರ ಕಪ್ ಅವರದು. 2017ರಲ್ಲಿ ಫೈನಲ್ ಮುಟ್ಟಿ ಬೆಳಗಾವಿ ತಂಡಕ್ಕೆ ಸೋತರು. 2018ರಲ್ಲಿ ಭರತ್ ಚಿಪ್ಲಿ ನಾಯಕತ್ವದಲ್ಲಿ ಬೆಂಗಳೂರಿನ ತಂಡವನ್ನೇ ಫೈನಲ್‌ನಲ್ಲಿ ಕೆಡವಿ ಎರಡನೇ ಕಪ್ ಎತ್ತಿದರು. ಊರಿನ ಹೆಸರು 2014ರ ನವೆಂಬರ್ 1ರಂದು ವಿಜಯಪುರ ಆಗಿತ್ತು, ತಂಡ ಮಾತ್ರ ಹಳೆಯ ಹೆಸರನ್ನೇ ಹೊತ್ತು ಗೆಲ್ಲುತ್ತಿತ್ತು.

ಆ ಲೀಗಿನ ಆಟಗಳು ಬೆಂಗಳೂರು, ಮೈಸೂರು, ಹುಬ್ಬಳ್ಳಿಯಲ್ಲಿ ನಡೆದವು. ಗೋಲಗುಮ್ಮಟದ ಊರಿನ ಹೆಸರು ಹೊತ್ತವರ ಆಟವನ್ನು ಇಂಡಿಯವರು, ಬಾಗೇವಾಡಿಯವರು ಟಿವಿಯಲ್ಲೇ ನೋಡಬೇಕಾಯಿತು. ಮುಂದೆ 2019ರ ಕೊನೆಗೆ ಆ ಲೀಗಿಗೆ ಫಿಕ್ಸಿಂಗ್ ಹಗರಣದ ಹೊಡೆತ ಬಿತ್ತು. ಬೆಂಗಳೂರಿನ ಸಿಸಿಬಿ ಪೊಲೀಸರು ಆಟಗಾರರನ್ನೂ ತಂಡವೊಂದರ ಮಾಲೀಕರನ್ನೂ ಬಂಧಿಸಿದರು. 2022ರ ಜನವರಿಯಲ್ಲಿ ಹೈಕೋರ್ಟು, ಫಿಕ್ಸಿಂಗ್ ಎಂಬುದು ದಂಡಸಂಹಿತೆಯ ವಂಚನೆ ಕಲಮಿನೊಳಗೆ ಬರುವುದಿಲ್ಲವೆಂದು ಕೆಲವರ ಮೇಲಿನ ಪ್ರಕರಣ ರದ್ದು ಮಾಡಿತು. ಅಷ್ಟರಲ್ಲಿ ಲೀಗಿನ ಕಥೆ ಮುಗಿದಿತ್ತು.

ಅದರ ಬದಲಿಗೆ 2022ರ ಆಗಸ್ಟಿನಲ್ಲಿ ಮಹಾರಾಜ ಟ್ರೋಫಿ ಶುರುವಾಯಿತು. ಆರು ತಂಡ: ಬೆಂಗಳೂರು, ಮೈಸೂರು, ಹುಬ್ಬಳ್ಳಿ, ಮಂಗಳೂರು, ಶಿವಮೊಗ್ಗ, ಕಲಬುರಗಿ. ಮೊದಲ ವರ್ಷ ಕಲಬುರಗಿಯವರು ಗೆದ್ದರು. 2023ರಲ್ಲಿ ಹುಬ್ಬಳ್ಳಿ, 2024ರಲ್ಲಿ ಮೈಸೂರು, 2025ರಲ್ಲಿ ಮಂಗಳೂರು. ಈ ನಾಲ್ಕೂ ವರ್ಷದ ಪಟ್ಟಿಯಲ್ಲಿ ಬಿಜಾಪುರವೂ ಇಲ್ಲ, ವಿಜಯಪುರವೂ ಇಲ್ಲ. ಬೆಳಗಾವಿ, ಬಳ್ಳಾರಿಯ ಹೆಸರುಗಳೂ ಹೋದವು. ಸೋತ ತಂಡ ಹೋದರೆ ಒಂದು ಮಾತು. ಎರಡು ಸಲ ಗೆದ್ದ ಗೂಳಿ ಸಂತೆಯಲ್ಲಿ ಕಾಣೆಯಾದರೆ ಯಜಮಾನ ಸುಮ್ಮನೆ ಮನೆಗೆ ಬರುತ್ತಾನೆಯೇ? ನಾವು ಬಂದಿದ್ದೇವೆ.

ಹೆಸರಿನ ಹಟಕ್ಕಾಗಿ ಈ ಮಾತಲ್ಲ. ಅಂಥ ತಂಡದಲ್ಲಿ ನಮ್ಮ ತಾಲೂಕಿನ ಹುಡುಗರು ಎಷ್ಟು ಮಂದಿ ಆಡಿದರು ಎಂದು ಕೇಳಿದರೆ ಎದೆ ತಟ್ಟಿ ಹೇಳುವ ಉತ್ತರ ನಮ್ಮಲ್ಲಿಲ್ಲ. ಹಳ್ಳಿಗಳಲ್ಲಿ ಟೂರ್ನಮೆಂಟುಗಳಿಗೆ ಬರವಿಲ್ಲ. ಆದರೆ ಅವೆಲ್ಲ ಟೆನಿಸ್ ಚೆಂಡಿನವು. ದೊಡ್ಡ ಕ್ರಿಕೆಟ್ ಲೆದರ್ ಚೆಂಡಿನದು. ಅದಕ್ಕೆ ಸಪಾಟು ಪಿಚ್ ಬೇಕು, ಕನಿಷ್ಠ ಮ್ಯಾಟ್ ಬೇಕು, ಪ್ಯಾಡು-ಗ್ಲೋವ್ಸು ಬೇಕು, ಎಲ್ಲಕ್ಕೂ ಮೊದಲು ಕಲಿಸುವವರು ಬೇಕು. ಬ್ಯಾಟು ಹಿಡಿದ ಕೈಗೆ ಶಕ್ತಿ ಇದ್ದರೂ ಟೆನಿಸ್ ಚೆಂಡಿಗೆ ಒಗ್ಗಿದ ಕಣ್ಣು ಲೆದರ್ ಚೆಂಡಿನ ತಿರುವಿಗೆ ಸೋಲುತ್ತದೆ.

ಗಣಿತ ತಪ್ಪಿಸಿದ ಹುಡುಗಿ

ಹಾಗಾದರೆ ನಮ್ಮ ಮಣ್ಣಿನಲ್ಲಿ ಬೆಳೆ ಬರುವುದೇ ಇಲ್ಲವೇ? ಬರುತ್ತದೆ. ಸಾಕ್ಷಿ ರಾಜೇಶ್ವರಿ ಗಾಯಕವಾಡ. ವಿಜಯಪುರದಲ್ಲೇ ಹುಟ್ಟಿದ ಈ ಎಡಗೈ ಸ್ಪಿನ್ನರ್ 2017ರ ಜುಲೈ 15ರಂದು ಇಂಗ್ಲೆಂಡಿನ ಡರ್ಬಿಯಲ್ಲಿ, ವಿಶ್ವಕಪ್ಪಿನ ಪಂದ್ಯದಲ್ಲಿ, ನ್ಯೂಜಿಲೆಂಡಿನ ಐದು ವಿಕೆಟ್ ಬರೀ 15 ರನ್ನಿಗೆ ಉರುಳಿಸಿದಳು. ಸೋತಿದ್ದರೆ ಭಾರತ ಅಲ್ಲಿಗೇ ಗಂಟು ಕಟ್ಟಬೇಕಿತ್ತು. ಎದುರಾಳಿ 79ಕ್ಕೆ ಮುಗಿದರು, ಭಾರತ 186 ರನ್ನಿನಿಂದ ಗೆದ್ದು ಸೆಮಿಫೈನಲ್‌ಗೆ, ಅಲ್ಲಿಂದ ಲಾರ್ಡ್ಸ್ ಮೈದಾನದ ಫೈನಲ್‌ಗೆ ಹೋಯಿತು.

2023ರಲ್ಲಿ ಮಹಿಳೆಯರ ಪ್ರೀಮಿಯರ್ ಲೀಗ್ ಶುರುವಾದಾಗ ಅವಳನ್ನು ತಗೊಂಡದ್ದು ಉತ್ತರ ಪ್ರದೇಶದ ತಂಡ. ಅಂದರೆ ನಮ್ಮ ಜಿಲ್ಲೆಯ ಅಭಿಮಾನಿ ಕೆಂಪು ಅಂಗಿ ತೊಟ್ಟು ಬೆಂಗಳೂರಿಗೆ ಜಯಕಾರ ಹಾಕುವಾಗ, ಅವನ ಊರಿನ ಮಗಳು ಎದುರು ಪಾಳಯದಲ್ಲಿದ್ದಳು! ಲೀಗಿನ ಲೆಕ್ಕವೇ ಹಾಗೆ. ಹುಟ್ಟಿದ ಊರಿನ ಗಣಿತ ಅದಕ್ಕೆ ಗೊತ್ತಿಲ್ಲ.

ಜೇಬು ಮತ್ತು ಜೀವ

ಗೆಲ್ಲುವ-ಸೋಲುವ ಮಾತು ಮಾತಾಗಿಯೇ ಇದ್ದರೆ ಚೆಂದ. ಅದು ರೊಕ್ಕಕ್ಕೆ ತಿರುಗಿದಲ್ಲಿ ಕೇಡು. "ಒಂದು ಚಹಾ ಪಂದ್ಯ" ಎಂದು ಶುರುವಾದದ್ದು ಬೈಕು ಅಡವಿಡುವಲ್ಲಿಗೆ ಮುಟ್ಟಿದ ಕಥೆ ಪ್ರತಿ ಊರಿನ ಅಂಗಡಿಕಾರರ ಕಿವಿಗೂ ಬಿದ್ದಿರುತ್ತದೆ. ಮೊಬೈಲಿನಲ್ಲಿ ಹಣ ಹೂಡಿ ಆಡುವ ಆಟಗಳಿಗೆ ಕೇಂದ್ರ ಸರಕಾರ 2025ರ ಆಗಸ್ಟಿನಲ್ಲಿ ಕಾಯ್ದೆ ಮಾಡಿ ನಿಷೇಧ ಹಾಕಿತು. ಕಾಯ್ದೆ ಬಂದ ಮಾತ್ರಕ್ಕೆ ಚಟ ಬಿಡುತ್ತದೆಯೇ? ಮೇಲೆ ಬರೆದ ಅಂಕಿಗಳನ್ನೇ ನೋಡಿ. ಎಂಟರಲ್ಲಿ ಏಳು ಸೋತವರು ಮುಂದಕ್ಕೆ ಹೋದರು, ಎಂಟು ಅಂಕ ಮುಂದಿದ್ದವರು ಫೈನಲ್ ಸೋತರು. ಇಂಥ ಆಟದ ಮೇಲೆ ಹೊಲದ ದುಡ್ಡು ಹೂಡುವುದಕ್ಕಿಂತ ಲಿಂಬೆ ಗಿಡಕ್ಕೆ ನೀರು ಹಾಕುವುದು ಲೇಸು.

ರೊಕ್ಕ ಹೋದರೆ ಮತ್ತೆ ಬಂದೀತು. 2025ರ ಜೂನ್ 4ರಂದು ಹೋದದ್ದು ಬರುವಂಥದ್ದಲ್ಲ. ಕಪ್ ಬಂದ ಮರುದಿನ, ಬೆಂಗಳೂರಿನ ಚಿನ್ನಸ್ವಾಮಿ ಕ್ರೀಡಾಂಗಣದ ಬಾಗಿಲುಗಳ ಮುಂದೆ ನೂಕುನುಗ್ಗಲಿನಲ್ಲಿ 11 ಮಂದಿ ಸತ್ತರು. ಹದಿನೆಂಟು ವರ್ಷ ಕಾದ ಸಂತೋಷ ಹದಿನೆಂಟು ತಾಸೂ ಉಳಿಯಲಿಲ್ಲ. ಅವರೂ ಇದೇ ಥರ ಬಸ್ಸಿನಲ್ಲಿ, ಚಹಾದ ಅಂಗಡಿಯಲ್ಲಿ "ಈ ಸಲ ಏನಾಗತೈತಿ" ಎಂದು ಕೇಳಿದ ಜನವೇ. ಮುಂದೆ ಎಂದಾದರೂ ಕಪ್ ಬಂದಾಗ ಬೆಂಗಳೂರಿನ ಬಸ್ ಹತ್ತುವ ಹುಡುಗರಿಗೆ ಮನೆಯ ಹಿರಿಯರು ಇದೊಂದು ಮಾತು ಹೇಳಿ ಕಳಿಸಬೇಕು. ಊರ ಚೌಕಿಯಲ್ಲಿ ಪೇಢೆ ಹಂಚಿದರೂ ಗೆಲುವು ಗೆಲುವೇ.

ಕೇಳಬೇಕಾದ್ದು

ಆರ್‌ಸಿಬಿ ಮುಂದೆ ಏನು ಮಾಡುತ್ತದೆಂದು ಹೇಳಲಿಕ್ಕೆ ನಾವು ಜ್ಯೋತಿಷಿಗಳಲ್ಲ. ಲೆಕ್ಕ ಕೊಟ್ಟಿದ್ದೇವೆ: ಎರಡರೊಳಗೆ ಬಂದರೆ ಆಸೆ ಇಟ್ಟುಕೊಳ್ಳಿ, ನಾಲ್ಕಕ್ಕೆ ಬಂದರೆ ಬರೀ ಕೈಮುಗಿಯಿರಿ.

ಆದರೆ ಸೀಜನ್ನು ಮುಗಿದ ಮೇಲೂ ಮುಗಿಯದ ಮಾತೊಂದಿದೆ. ರಾಜ್ಯದ ಲೀಗಿನಲ್ಲಿ ವಿಜಯಪುರಕ್ಕೆ ಮತ್ತೆ ಜಾಗ ಬೇಕು. ಬಂದ ತಂಡ ಹೆಸರಿಗೆ ಮಾತ್ರ ನಮ್ಮದಾಗದೆ, ವರ್ಷಕ್ಕೆ ಒಂದೆರಡು ಪಂದ್ಯವನ್ನಾದರೂ ಇಲ್ಲಿ ಆಡಬೇಕು. ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಾಗೇವಾಡಿಗೆ ತಲಾ ಒಂದು ಲೆದರ್ ಚೆಂಡಿನ ಪಿಚ್ಚು, ಒಬ್ಬ ಕೋಚು. ದೊಡ್ಡ ಕ್ರೀಡಾಂಗಣ ಯಾರೂ ಕೇಳಿಲ್ಲ. ಮತ ಕೇಳಲು ಬಂದವರಿಗೆ ರಸ್ತೆ, ನೀರು ಕೇಳುವಾಗ ಈ ಒಂದು ಸಾಲನ್ನೂ ಅರ್ಜಿಯಲ್ಲಿ ಸೇರಿಸಿದರೆ ಕಾಗದ ಹೆಚ್ಚು ಖರ್ಚಾಗುವುದಿಲ್ಲ.

ಬೆಂಗಳೂರಿನ ಕಪ್ಪಿಗಾಗಿ ಹದಿನೆಂಟು ವರ್ಷ ಗಂಟಲು ಹರಕೊಂಡ ಜನ ನಾವು. ಅದರಲ್ಲಿ ಒಂದಾಣೆಯಷ್ಟು ದನಿಯನ್ನು ನಮ್ಮ ಹುಡುಗ-ಹುಡುಗಿಯರಿಗಾಗಿ ಎತ್ತಿದ್ದರೆ ಆ ಗೂಳಿ ಇಷ್ಟೊತ್ತಿಗೆ ಹಟ್ಟಿಗೆ ಬಂದಿರುತ್ತಿತ್ತು.